ಒಳಗೆ ಚೀಟಿಯೇ ಇಲ್ಲದ ಹಳೆಯ ಗಿಟಾರ್: ಅದು ಯಾರು ಮಾಡಿದ್ದು ಎಂದು ಪತ್ತೆ ಹಚ್ಚುವುದು ಹೇಗೆ?

ಇಂಥದ್ದೊಂದು ಫಾರ್ವರ್ಡ್ ನಿಮ್ಮ ಫೋನಿಗೂ ಬಂದಿರಬಹುದು. ಯಾರದೋ ಅಟ್ಟದ ಮೇಲೆ ಧೂಳು ಹಿಡಿದು ಬಿದ್ದಿದ್ದ ವಾದ್ಯ, ಇನ್ನೇನು ಗುಜರಿಗೆ ಹೋಗಬೇಕು ಅನ್ನುವಷ್ಟರಲ್ಲಿ ಯಾರೋ ತಿಳಿದವರ ಕಣ್ಣಿಗೆ ಬಿತ್ತು, ನೋಡಿದರೆ ಅದು ಕೋಟಿ ಬೆಲೆಯದ್ದು! ಕೊನೆಯಲ್ಲಿ 'ನಿಮ್ಮ ಮನೆಯ ಅಟ್ಟವನ್ನೂ ಒಮ್ಮೆ ನೋಡಿ, ಹತ್ತು ಜನರಿಗೆ ಕಳಿಸಿ' ಎಂಬ ಸಾಲು. ಕಥೆಯಲ್ಲಿ ವಾದ್ಯ ಪಿಟೀಲಾಗಿದ್ದರೆ ಒಳಗೆ ಅಂಟಿಸಿದ ಚೀಟಿಯೇ ಅದರ ದೊಡ್ಡ ಸಾಕ್ಷಿ. ಗಿಟಾರ್ ಆಗಿದ್ದರೆ ಕೆಲವೊಮ್ಮೆ ಚೀಟಿ ಇಲ್ಲದಿರುವುದೇ ಸಾಕ್ಷಿಯಾಗಿಬಿಡುತ್ತದೆ: 'ಹೆಸರಿಲ್ಲ, ಅಂದರೆ ಅಷ್ಟು ಹಳೆಯದು, ಅಷ್ಟು ಅಪರೂಪದ್ದು!'

ಎರಡೂ ತಪ್ಪು. ಏಕೆ ತಪ್ಪು ಎಂದು ತಿಳಿಯಲು ಒಂದು ಒಳ್ಳೆಯ ಉದಾಹರಣೆ ಇದೆ. ಎರಡನೇ ಮಹಾಯುದ್ಧದ ಹಿಂದುಮುಂದಿನ ವರ್ಷಗಳಲ್ಲಿ ಫ್ರಾನ್ಸ್‌ನಲ್ಲಿ ತಯಾರಾದ 'ಜಿಪ್ಸಿ ಜಾಜ್' ಗಿಟಾರ್‌ಗಳು. ಇವುಗಳಲ್ಲಿ ಎಷ್ಟೋ ಗಿಟಾರ್‌ಗಳ ಒಳಗೆ ಇವತ್ತು ಚೀಟಿ ಇಲ್ಲ. ಕೆಲವಕ್ಕೆ ಮೊದಲಿಂದಲೂ ಇರಲಿಲ್ಲ. ನಿಜವಾದ ಸೆಲ್ಮರ್ ಗಿಟಾರ್ ಹತ್ತಾರು ಸಾವಿರ ಯೂರೋಗೆ ಮಾರಾಟವಾಗುತ್ತದೆ. ಮೊದಲ ನೋಟಕ್ಕೆ ಹಾಗೆಯೇ ಕಾಣುವ ಇನ್ನೊಂದಕ್ಕೆ ಅದರ ಒಂದು ಸಣ್ಣ ಪಾಲೂ ಸಿಗದಿರಬಹುದು. ಹಾಗಾಗಿ 'ಇದು ಯಾರು ಮಾಡಿದ್ದು' ಎಂಬ ಪ್ರಶ್ನೆಗೆ ಇಲ್ಲಿ ತುಂಬಾ ತೂಕವಿದೆ.

ಮೊದಲು ಆ ಗಿಟಾರ್ ಯಾವುದು ಅಂತ ನೋಡೋಣ

ಜಾಂಗೋ ರೈನ್‌ಹಾರ್ಟ್ 1910ರಲ್ಲಿ ಬೆಲ್ಜಿಯಂನಲ್ಲಿ ರೋಮಾ ಅಲೆಮಾರಿ ಕುಟುಂಬವೊಂದರಲ್ಲಿ ಹುಟ್ಟಿದವರು. 1928ರಲ್ಲಿ ಅವರ ಬಂಡಿಮನೆಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳು ಕೆಲಸಕ್ಕೆ ಬಾರದಂತಾದವು. ಉಳಿದ ಬೆರಳುಗಳಲ್ಲೇ ನುಡಿಸುವ ಹೊಸ ರೀತಿಯನ್ನು ಅವರು ಕಂಡುಕೊಂಡರು. 1934ರಲ್ಲಿ ಪಿಟೀಲುವಾದಕ ಸ್ಟೆಫಾನ್ ಗ್ರಪೆಲಿ ಜತೆಗೂಡಿ ಪ್ಯಾರಿಸ್‌ನಲ್ಲಿ ಕಟ್ಟಿದ ಐವರ ತಂಡ ಜಗತ್ಪ್ರಸಿದ್ಧವಾಯಿತು. ಡ್ರಮ್ ಇಲ್ಲ, ತುತ್ತೂರಿ ಇಲ್ಲ, ಎಲ್ಲವೂ ತಂತಿವಾದ್ಯ.

'ಜಿಪ್ಸಿ' ಎಂಬ ಪದವನ್ನು ಇವತ್ತು ರೋಮಾ ಜನರಲ್ಲಿ ಅನೇಕರು ಇಷ್ಟಪಡುವುದಿಲ್ಲ. ಅವರು ಈಜಿಪ್ಟಿನಿಂದ ಬಂದವರು ಎಂಬ ಹಳೆಯ ತಪ್ಪು ತಿಳಿವಳಿಕೆಯಿಂದ ಹುಟ್ಟಿದ ಪದ ಅದು. ಭಾಷೆ ಮತ್ತು ವಂಶವಾಹಿಗಳ ಅಧ್ಯಯನ ಎರಡೂ ಅವರ ಪೂರ್ವಿಕರು ಉತ್ತರ ಭಾರತದ ಕಡೆಯಿಂದ ಸುಮಾರು ಸಾವಿರ ವರ್ಷದ ಹಿಂದೆ ಹೊರಟವರು ಎಂದು ತೋರಿಸುತ್ತವೆ. ಜಾಂಗೋ ಸೇರಿದ ಗುಂಪಿಗೆ ಫ್ರೆಂಚರು 'ಮನೂಶ್' ಎನ್ನುತ್ತಾರೆ. ನಮ್ಮ 'ಮನುಷ್ಯ'ನೇ ಅದು, ಅರ್ಥವೂ ಅದೇ. ಹಾಗಂತ 'ಜಿಪ್ಸಿ ಗಿಟಾರ್ ಭಾರತದ ಕೊಡುಗೆ' ಅಂತ ಯಾರಾದರೂ ಕಳಿಸಿದರೆ ನಂಬಬೇಡಿ. ಗಿಟಾರ್ ವಿನ್ಯಾಸ ಮಾಡಿದವರು ಒಬ್ಬ ಇಟಲಿಯವರು, ಮಾಡಿಸಿದ್ದು ಫ್ರಾನ್ಸ್‌ನ ಕಂಪನಿ.

ಆ ಇಟಲಿಯವರ ಹೆಸರು ಮಾರಿಯೊ ಮಕ್ಕಫೆರ್ರಿ. ಸ್ವತಃ ಶಾಸ್ತ್ರೀಯ ಗಿಟಾರ್ ವಾದಕ. ಸ್ಯಾಕ್ಸೊಫೋನ್, ಕ್ಲಾರಿನೆಟ್‌ಗಳಿಗೆ ಹೆಸರಾದ ಸೆಲ್ಮರ್ ಕಂಪನಿಗೆ ಅವರ ವಿನ್ಯಾಸದ ಗಿಟಾರ್‌ಗಳು 1932ರಿಂದ ತಯಾರಾಗತೊಡಗಿದವು. ಅವರು ಅಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ, 1933ರಲ್ಲೇ ಹೊರಬಂದರು. ಮುಂದೆ ಅಮೆರಿಕಕ್ಕೆ ಹೋಗಿ ಪ್ಲಾಸ್ಟಿಕ್ಕಿನ ಬಟ್ಟೆ ಕ್ಲಿಪ್ಪು, ಪ್ಲಾಸ್ಟಿಕ್ಕಿನ ಯುಕುಲೆಲೆ ಮಾಡಿ ದುಡ್ಡು ಮಾಡಿಕೊಂಡರು. ಸೆಲ್ಮರ್ ಮಾತ್ರ ವಿನ್ಯಾಸ ತಿದ್ದುತ್ತಾ 1952ರವರೆಗೆ ಗಿಟಾರ್ ಮಾಡಿತು. ಇಪ್ಪತ್ತು ವರ್ಷದಲ್ಲಿ ಒಟ್ಟು ಸಾವಿರವೂ ಆಗಲಿಲ್ಲ.

ಈ ಕೊನೆಯ ಸಂಖ್ಯೆ ಮುಖ್ಯ. ಅಷ್ಟು ಕಡಿಮೆ ಇದ್ದರೆ, ಪ್ಯಾರಿಸ್‌ನ ಕುಣಿತದ ಹಾಲ್‌ಗಳಲ್ಲಿ, ಹೋಟೆಲುಗಳಲ್ಲಿ ನುಡಿಸುತ್ತಿದ್ದ ಉಳಿದ ವಾದಕರ ಕೈಯಲ್ಲಿ ಇದ್ದದ್ದು ಏನು?

ಚೀಟಿ ಯಾಕಿಲ್ಲ?

ಬೇರೆಯವರು ಮಾಡಿದ ಗಿಟಾರ್‌ಗಳು. ಇಟಲಿಯಿಂದ, ಅದರಲ್ಲೂ ಸಿಸಿಲಿಯ ಕಡೆಯಿಂದ ಕೆಲಸ ಹುಡುಕಿಕೊಂಡು ಪ್ಯಾರಿಸ್‌ಗೆ ಬಂದ ಬಡಗಿಗಳು, ವಾದ್ಯ ತಯಾರಕರು ಚಿಕ್ಕ ಚಿಕ್ಕ ಕೆಲಸಮನೆಗಳನ್ನು ನಡೆಸುತ್ತಿದ್ದರು. ಬುಸಾಟೊ, ಡಿ ಮೌರೊ, ಫಾವಿನೊ, ಕಾಸ್ಟೆಲುಚಿಯಾ, ಜಾಕೊಬಾಚಿ ಇವೆಲ್ಲ ಇಟಲಿ ಮೂಲದ ಹೆಸರುಗಳೇ. ಪಿಟೀಲಿಗೆ ಹೆಸರಾದ ಮಿರ್ಕೂರ್ ಪಟ್ಟಣದಲ್ಲೂ ಗಿಟಾರ್ ಮಾಡುವವರಿದ್ದರು. ಒಬ್ಬರ ಬಳಿ ಕೆಲಸ ಕಲಿತವರು ಇನ್ನೊಂದು ಕಡೆ ಸ್ವಂತ ಅಂಗಡಿ ಇಡುತ್ತಿದ್ದರು. ಜಾಕ್ ಫಾವಿನೊ ಕೂಡ ಮೊದಲು ಬುಸಾಟೊ ಬಳಿ ದುಡಿದವರೇ.

ಇವರು ಎಲ್ಲವನ್ನೂ ತಮ್ಮ ಹೆಸರಲ್ಲಿ ಮಾರುತ್ತಿರಲಿಲ್ಲ. ಪ್ಯಾರಿಸ್‌ನ ಪಾಲ್ ಬೆಷರ್‌ನಂಥ ಸಂಗೀತ ವಾದ್ಯದ ಅಂಗಡಿಗಳು ಕೆಲಸಮನೆಗಳಿಂದ ಗಿಟಾರ್ ಕೊಂಡು ತಮ್ಮ ಹೆಸರಿನಲ್ಲಿ ಮಾರುತ್ತಿದ್ದವು. ನಮ್ಮಲ್ಲಿ ನೇಕಾರರು ನೇಯ್ದ ಸೀರೆಯ ಮೇಲೆ ಅಂಗಡಿಯ ಹೆಸರು ಮಾತ್ರ ಇರುವುದಿಲ್ಲವೇ, ಹಾಗೆ. ಚೀಟಿ ಇದ್ದರೂ ಅದು ಮಾರಿದವರನ್ನು ಹೇಳುತ್ತದೆ, ಮಾಡಿದವರನ್ನಲ್ಲ. ಇನ್ನು ಎಂಬತ್ತು ವರ್ಷದಲ್ಲಿ ಅಂಟು ಒಣಗಿ ಉದುರಿದ ಚೀಟಿಗಳು, ಒಳಗಿನ ಪಟ್ಟಿ ರಿಪೇರಿ ಮಾಡುವಾಗ ಕಿತ್ತುಹೋದವು, ಸುಳ್ಳು ಹೆಸರಲ್ಲಿ ಮಾರಲೆಂದೇ ಯಾರೋ ತೆಗೆದವು, ಎಲ್ಲ ಸೇರಿದರೆ 'ಚೀಟಿ ಇಲ್ಲ' ಎಂಬುದಕ್ಕೆ ಕನಿಷ್ಠ ನಾಲ್ಕು ಸಾಧಾರಣ ಕಾರಣಗಳಿವೆ. ಅಪರೂಪದ ವಾದ್ಯ ಎಂಬುದು ಆ ಪಟ್ಟಿಯಲ್ಲೇ ಇಲ್ಲ.

ಚೀಟಿ ಇದ್ದರೆ ಸಾಕೇ? ಪಿಟೀಲಿನ ಕಥೆ ನೋಡಿ. ಸ್ಟ್ರಾಡಿವೇರಿಯಸ್ ಮಾಡಿದ ವಾದ್ಯಗಳಲ್ಲಿ ಇವತ್ತು ಉಳಿದಿರುವುದು ಸುಮಾರು 650. ಆದರೆ 'ಸ್ಟ್ರಾಡಿವೇರಿಯಸ್' ಚೀಟಿ ಹಚ್ಚಿದ ಪಿಟೀಲುಗಳು ಜಗತ್ತಿನ ಮೂಲೆಮೂಲೆಯಲ್ಲಿವೆ. ಹತ್ತೊಂಬತ್ತನೇ ಶತಮಾನದ ಕೊನೆ, ಇಪ್ಪತ್ತರ ಆರಂಭದಲ್ಲಿ ಜರ್ಮನಿ ಮತ್ತು ಬೊಹೀಮಿಯಾದಲ್ಲಿ ರಾಶಿಗಟ್ಟಲೆ ಪಿಟೀಲು ಮಾಡಿ, 'ಇದು ಆ ಮಾದರಿಯದ್ದು' ಎಂಬ ಅರ್ಥದಲ್ಲಿ ಆ ಚೀಟಿ ಹಚ್ಚುತ್ತಿದ್ದರು. ಆಗ ಕೊಂಡವರಿಗೆ ಅದು ಗೊತ್ತಿತ್ತು. ಮೊಮ್ಮಕ್ಕಳಿಗೆ ಗೊತ್ತಿಲ್ಲ, ಅಷ್ಟೆ. 1890ರ ಅಮೆರಿಕದ ಸುಂಕ ಕಾಯ್ದೆ ಆಮದಾಗುವ ವಸ್ತುಗಳ ಮೇಲೆ ದೇಶದ ಹೆಸರು ಇರಬೇಕು ಎಂದಿತು. ಹಾಗಾಗಿ ಒಂದೇ ಚೀಟಿಯಲ್ಲಿ ಮೇಲೆ 1721, ಕೆಳಗೆ 'ಜರ್ಮನಿಯಲ್ಲಿ ತಯಾರಾದದ್ದು' ಎಂದು ಇರುವ ಪಿಟೀಲುಗಳೂ ಸಿಗುತ್ತವೆ! ಅಜ್ಜನ ಪಿಟೀಲಿನಲ್ಲಿ ಆ ಹೆಸರು ನೋಡಿ ಎದೆ ಹೊಡೆದುಕೊಂಡಿದ್ದರೆ ಮೊದಲು ಈ ಸಾಲನ್ನು ಹುಡುಕಿ.

ಮರ ಹೇಳುವ ಮಾತು

ಚೀಟಿಯನ್ನು ಬದಿಗಿಟ್ಟರೆ ಉಳಿಯುವುದು ಗಿಟಾರ್‌ನ ಮೈ. ತಿಳಿದವರು ಮೊದಲು ನೋಡುವುದು ಒಟ್ಟು ರಚನೆಯನ್ನು. ಸೆಲ್ಮರ್‌ನ ಮೊದಲ ಮಾದರಿಗಳಲ್ಲಿ ನಾದರಂಧ್ರ ದೊಡ್ಡದು, ಇಂಗ್ಲಿಷಿನ ಡಿ ಅಕ್ಷರದ ಆಕಾರ. ಕತ್ತು ಮೈಗೆ ಸೇರುವುದು 12ನೇ ಫ್ರೆಟ್‌ನಲ್ಲಿ. ನಂತರದವುಗಳಲ್ಲಿ ರಂಧ್ರ ಚಿಕ್ಕ ಮೊಟ್ಟೆಯಾಕಾರ, ಕತ್ತು ಸೇರುವುದು 14ನೇ ಫ್ರೆಟ್‌ನಲ್ಲಿ. ಜಾಂಗೋ ಕೈಯಲ್ಲಿ ಹೆಚ್ಚಾಗಿ ಕಾಣುವುದು ಈ ಎರಡನೆಯದು. ನಡುವೆ ಎರಡೂ ಗುಣ ಬೆರೆತ ಕೆಲವು ಗಿಟಾರ್‌ಗಳೂ ಇವೆ.

ಇನ್ನೊಂದು ಅಳತೆ ಮನೆಯ ಟೇಪಿನಲ್ಲೇ ಸಿಗುತ್ತದೆ. ಸೆಲ್ಮರ್‌ನಲ್ಲಿ ತಂತಿ ಮಿಡಿಯುವ ಉದ್ದ ಶುರುವಾಗುವುದು ಕತ್ತಿನ ತುದಿಯಲ್ಲಿರುವ 'ಸೊನ್ನೆ' ಫ್ರೆಟ್‌ನಿಂದ. ಅಲ್ಲಿಂದ 12ನೇ ಫ್ರೆಟ್‌ವರೆಗೆ ಅಳೆದು ಎರಡರಷ್ಟು ಮಾಡಿ. ಚಿಕ್ಕ ರಂಧ್ರದ ಸೆಲ್ಮರ್‌ನಲ್ಲಿ ಅದು 67 ಸೆಂಟಿಮೀಟರ್ ಬರುತ್ತದೆ. ಸಾಮಾನ್ಯ ಗಿಟಾರ್‌ನಲ್ಲಿ ಸುಮಾರು 65. ಸೇತುವೆಯನ್ನೇ ಅಳೆಯಬಹುದಲ್ಲ ಅಂದರೆ, ಈ ಗಿಟಾರ್‌ಗಳಲ್ಲಿ ಸೇತುವೆ, ಅಂದರೆ ಪಿಟೀಲಿನಲ್ಲಿ ನಾವು ಕುದುರೆ ಅನ್ನುತ್ತೇವಲ್ಲ ಅದು, ಅಂಟಿಸಿದ್ದಲ್ಲ. ತಂತಿಯ ಒತ್ತಡದಲ್ಲೇ ನಿಂತಿರುತ್ತದೆ, ಸರಿದಿರಬಹುದು. ಅದರ ಎರಡೂ ಬದಿಗೆ ಮೀಸೆಯಂತೆ ಅಂಟಿಸಿದ ಮರದ ತುಂಡುಗಳಿರುತ್ತವೆ. ಹೆಸರೂ 'ಮೀಸೆ' ಎಂದೇ.

ಆಮೇಲೆ ಒಳಗಡೆ. ಹಲ್ಲಿನ ವೈದ್ಯರು ಬಳಸುವಂಥ ಚಿಕ್ಕ ಕನ್ನಡಿ, ಒಂದು ಟಾರ್ಚು, ಇಲ್ಲವೇ ತೂರಿಸಬಹುದಾದ ಕ್ಯಾಮೆರಾ ಸಾಕು. ಮೇಲ್ಹಲಗೆಗೆ ಆಧಾರವಾಗಿ ಏಣಿಯ ಮೆಟ್ಟಿಲಿನಂತೆ ಅಡ್ಡಪಟ್ಟಿಗಳಿವೆಯೇ, ಎಷ್ಟಿವೆ, ತುದಿಗಳನ್ನು ಹೇಗೆ ಕೆತ್ತಿದ್ದಾರೆ? ಮೊದಲ ಸೆಲ್ಮರ್‌ಗಳಲ್ಲಿ ನಾದ ಹೆಚ್ಚಿಸಲೆಂದು ಒಳಗೆ ಇನ್ನೊಂದು ಮರದ ಪೆಟ್ಟಿಗೆಯಂಥ ಭಾಗ ಕೂರಿಸಿದ್ದರು. ಅದು ಸಡಿಲವಾಗಿ ಗಲಗಲ ಎನ್ನುತ್ತದೆಂದು ಅನೇಕರು ತೆಗೆಸಿಹಾಕಿದರು. ಆದರೆ ಅದು ಕೂತಿದ್ದ ಗುರುತು ಉಳಿದಿರಬಹುದು. ಹೊರಗೆ ಎಷ್ಟು ಪಾಲಿಶ್ ಮಾಡಿದರೂ ಒಳಗನ್ನು ಯಾರೂ ಅಷ್ಟಾಗಿ ತಿದ್ದುವುದಿಲ್ಲ. ಕೆಲಸಗಾರನ ನಿಜವಾದ ಸಹಿ ಅಲ್ಲಿರುತ್ತದೆ: ಅಂಟು ಒರೆಸಿದ ರೀತಿ, ಉಳಿಯ ಗುರುತು, ಮೂಲೆಯ ತುಂಡುಗಳ ಆಕಾರ.

ಇಲ್ಲಿ ಒಂದು ತಪ್ಪು ನಂಬಿಕೆಯನ್ನು ಹೇಳಲೇಬೇಕು. 'ಬೆನ್ನು ಪ್ಲೈವುಡ್ ಇದ್ದರೆ ಅಗ್ಗದ ನಕಲಿ' ಅನ್ನುತ್ತಾರೆ. ಬೇರೆ ಗಿಟಾರ್‌ಗಳ ಮಟ್ಟಿಗೆ ಇದು ಎಷ್ಟೋ ಸಲ ಸರಿಯೇ. ಆದರೆ ಅಸಲಿ ಸೆಲ್ಮರ್‌ನ ಬೆನ್ನು ಮತ್ತು ಪಕ್ಕಗಳೇ ಪದರ ಪದರ ಅಂಟಿಸಿದವು. ಹೊರಗಿನ ಪದರ ಭಾರತದ ಬೀಟೆ ಮರದ್ದು, ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಅದೇ ಜಾತಿ. ಒಂದು ವೇಳೆ ಇಡೀ ಬೆನ್ನು ಗಟ್ಟಿ ಬೀಟೆಯ ಹಲಗೆಯಾಗಿದ್ದರೆ, 'ಓಹ್, ಇನ್ನೂ ಉತ್ತಮ' ಅನ್ನುವ ಬದಲು ಇದು ಸೆಲ್ಮರ್ ಅಲ್ಲವೇನೋ ಎಂದು ಅನುಮಾನಿಸಬೇಕು.

ಬಿಡಿಭಾಗಗಳನ್ನು ಮಾತ್ರ ಎಚ್ಚರದಿಂದ ಓದಬೇಕು. ಉದಾಹರಣೆಗೆ ತಲೆಯ ಮೇಲೆ ಪ್ಲಸ್ ಗುರುತಿನ ಫಿಲಿಪ್ಸ್ ಸ್ಕ್ರೂ. ಅದರ ಪೇಟೆಂಟ್ ಬಂದದ್ದೇ 1936ರಲ್ಲಿ. '1932ರ ಗಿಟಾರ್'ನಲ್ಲಿ ಅದು ಕಂಡರೆ ಇಡೀ ಗಿಟಾರ್ ಸುಳ್ಳು ಎಂದೇನಲ್ಲ, ಬಿರಡೆ ಬದಲಾಯಿಸಿರಬಹುದು. ಹಾಗೆಯೇ ಅಸಲಿ ಸೆಲ್ಮರ್ ಬಿರಡೆ, ತಂತಿ ಕಟ್ಟುವ ಹಿತ್ತಾಳೆ ಪಟ್ಟಿ ಇದ್ದ ಮಾತ್ರಕ್ಕೆ ಗಿಟಾರ್ ಸೆಲ್ಮರ್ ಆಗುವುದಿಲ್ಲ. ಬೇರೆ ಗಿಟಾರ್‌ನಿಂದ ಕಿತ್ತು ಹಾಕಿದ್ದಿರಬಹುದು. ಒಂದೇ ಬಗೆಯ ಬಿಡಿಭಾಗಗಳನ್ನು ಎಷ್ಟೋ ತಯಾರಕರು ಪೇಟೆಯಲ್ಲಿ ಕೊಂಡು ಬಳಸಿದ್ದೂ ಇದೆ. ಸ್ಕ್ರೂ ಬಿಚ್ಚಿ ತೆಗೆಯಬಹುದಾದ ಯಾವುದಕ್ಕೂ ಹೆಚ್ಚು ಬೆಲೆ ಕೊಡಬೇಡಿ ಎಂಬುದು ನನ್ನ ಸಲಹೆ. ಒಡೆಯದೆ ಬದಲಾಯಿಸಲಾಗದ ಭಾಗಗಳ ಮಾತು ಕೇಳಿ.

ಲ್ಯಾಬ್‌ಗೆ ಕಳಿಸಿದರೆ ಗೊತ್ತಾಗುವುದಿಲ್ಲವೇ?

'ಕಾರ್ಬನ್ ಡೇಟಿಂಗ್ ಮಾಡಿಸಿದರೆ ಮುಗಿಯಿತಲ್ಲ' ಎನ್ನುವವರು ಇದ್ದಾರೆ. ಸುಮಾರು 1650ರಿಂದ 1950ರವರೆಗಿನ ವಸ್ತುಗಳ ವಿಷಯದಲ್ಲಿ ಈ ವಿಧಾನ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಆ ಅವಧಿಯಲ್ಲಿ ವಾತಾವರಣದ ಕಾರ್ಬನ್-14 ಏರಿಳಿದ ರೀತಿಯಿಂದಾಗಿ ಒಂದೇ ಫಲಿತಾಂಶ ಹಲವು ಬೇರೆ ಬೇರೆ ಕಾಲಗಳಿಗೆ ಹೊಂದುತ್ತದೆ. ಒಂದು ವಿಷಯವನ್ನು ಮಾತ್ರ ಅದು ಚೆನ್ನಾಗಿ ಹೇಳುತ್ತದೆ. 1950ರ ದಶಕದ ಮಧ್ಯದಿಂದ ನಡೆದ ಅಣುಬಾಂಬ್ ಪರೀಕ್ಷೆಗಳು ವಾತಾವರಣದಲ್ಲಿ ಕಾರ್ಬನ್-14 ಪ್ರಮಾಣವನ್ನು ಒಮ್ಮೆಗೇ ಏರಿಸಿದವು. ಆಮೇಲೆ ಬೆಳೆದ ಮರದಲ್ಲಿ ಅದರ ಗುರುತಿದೆ. ಗಿಟಾರ್‌ನ ಮೇಲ್ಹಲಗೆಯಲ್ಲಿ ಆ ಗುರುತು ಸಿಕ್ಕರೆ '1940ರ ಗಿಟಾರ್' ಎಂಬ ಮಾತು ಅಲ್ಲಿಗೇ ಮುಗಿಯಿತು. ಆದರೆ ಪರೀಕ್ಷೆಗೆ ಮರದ ಚೂರು ಕತ್ತರಿಸಿ ಕೊಡಬೇಕು.

ಕತ್ತರಿಸದೆ ಮಾಡಬಹುದಾದದ್ದು ಮರದ ಬೆಳವಣಿಗೆಯ ಉಂಗುರಗಳನ್ನು ಓದುವುದು. ಗಿಟಾರ್, ಪಿಟೀಲು ಎರಡರ ಮೇಲ್ಹಲಗೆಯೂ ಸ್ಪ್ರೂಸ್ ಮರದ್ದು. ಹತ್ತಿರದಿಂದ ನೋಡಿದರೆ ಸಾಲುಸಾಲು ಗೆರೆ ಕಾಣುತ್ತವೆ, ಒಂದು ಗೆರೆಗೆ ಒಂದು ವರ್ಷ. ಒಳ್ಳೆಯ ವರ್ಷ ಅಗಲ, ಕೆಟ್ಟ ವರ್ಷ ಸಣ್ಣ. ಈ ಅಗಲ-ಸಣ್ಣದ ಸರಣಿಯನ್ನು ಆಲ್ಪ್ಸ್ ಮುಂತಾದ ಪ್ರದೇಶಗಳ ಕಾಲ ಗೊತ್ತಿರುವ ಮರಗಳ ಸರಣಿಯೊಂದಿಗೆ ಹೊಂದಿಸಿದರೆ ಹಲಗೆಯ ಕೊನೆಯ ಉಂಗುರ ಯಾವ ವರ್ಷದ್ದು ಎಂದು ತಿಳಿಯುತ್ತದೆ.

ಆ ವರ್ಷಕ್ಕಿಂತ ಮೊದಲು ವಾದ್ಯ ತಯಾರಾಗಿರಲು ಸಾಧ್ಯವಿಲ್ಲ. ಎಷ್ಟು ನಂತರ? ಅದು ಗೊತ್ತಾಗುವುದಿಲ್ಲ. ಮರ ಒಣಗಿಸಲು ವರ್ಷಗಟ್ಟಲೆ ಇಡುತ್ತಾರೆ, ಹೊರಗಿನ ಉಂಗುರಗಳನ್ನು ಕೆತ್ತಿ ತೆಗೆಯುತ್ತಾರೆ. ಹಳೆಯ ಹಲಗೆ ತಂದು ನಿನ್ನೆ ಗಿಟಾರ್ ಮಾಡಿದರೂ ಉಂಗುರ ಹಳೆಯದನ್ನೇ ಹೇಳುತ್ತದೆ.

ಇದರಿಂದ ಏನೆಲ್ಲ ಆಗಬಹುದು ಎಂಬುದಕ್ಕೆ ಎರಡು ಪ್ರಸಿದ್ಧ ವಾದ್ಯಗಳಿವೆ. ಸಂಗೀತ ನಿರ್ದೇಶಕ ಸರ್ಜ್ ಕುಸೆವಿಟ್ಸ್ಕಿ ಬಳಿ ಇದ್ದು, ನಂತರ ಗ್ಯಾರಿ ಕಾರ್ ಎಂಬ ವಾದಕರಿಗೆ ಬಂದ ಡಬಲ್ ಬೇಸ್ ಒಂದನ್ನು ಇಟಲಿಯ ಅಮಾತಿ ಸೋದರರು 1611ರಲ್ಲಿ ಮಾಡಿದ್ದೆಂದು ದೀರ್ಘಕಾಲ ನಂಬಿದ್ದರು. ಉಂಗುರ ಎಣಿಸಿದಾಗ ಕೊನೆಯದು 1761ರದ್ದಾಗಿತ್ತು. ನೂರೈವತ್ತು ವರ್ಷದ ಅಂತರ! ಅಮಾತಿಗಳು ಅದನ್ನು ಮಾಡಿರಲು ಸಾಧ್ಯವೇ ಇರಲಿಲ್ಲ. ಇನ್ನೊಂದು, ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಂನಲ್ಲಿರುವ 'ಮೆಸೈಯಾ' ಎಂಬ ಪಿಟೀಲು. ಚೀಟಿಯ ಪ್ರಕಾರ ಸ್ಟ್ರಾಡಿವೇರಿಯಸ್, 1716. ಇದು ಹತ್ತೊಂಬತ್ತನೇ ಶತಮಾನದ ನಕಲಿರಬಹುದೇ ಎಂದು 1990ರ ದಶಕದ ಕೊನೆಯಲ್ಲಿ ಭಾರೀ ಜಗಳವಾಯಿತು. ಅದರ ಉಂಗುರಗಳು 1680ರ ದಶಕಕ್ಕೆ ಮುಗಿಯುತ್ತವೆ. ಅಂದರೆ 1716ಕ್ಕೆ ಹೊಂದುತ್ತದೆ, ಅಷ್ಟೆ. ಸ್ಟ್ರಾಡಿವೇರಿಯಸ್ಸೇ ಮಾಡಿದ್ದೆಂದು ಮರ ಹೇಳಲಿಲ್ಲ, ಹೇಳಲಾರದು.

ಈ ವ್ಯತ್ಯಾಸ ಅರ್ಥವಾದರೆ ಇಡೀ ವಿಷಯ ಅರ್ಥವಾದಂತೆ. ಪರೀಕ್ಷೆ 'ಅಲ್ಲ' ಎಂದು ಖಚಿತವಾಗಿ ಹೇಳಬಲ್ಲದು. 'ಹೌದು' ಎನ್ನಲು ಅದಕ್ಕೆ ಬಾಯಿಲ್ಲ, 'ಇರಬಹುದು' ಎನ್ನುತ್ತದೆ. ಅಲ್ಟ್ರಾವಯಲೆಟ್ ದೀಪವೂ ಹಾಗೆ. ಹಳೆಯ ಮತ್ತು ಹೊಸ ವಾರ್ನಿಶ್ ಬೇರೆ ಬೇರೆ ಬಣ್ಣದಲ್ಲಿ ಹೊಳೆಯುತ್ತವೆ, ತೇಪೆ ಹಚ್ಚಿದ ಜಾಗ ಎದ್ದು ಕಾಣುತ್ತದೆ. ಯಾರು ಮಾಡಿದರು ಎಂದು ದೀಪ ಹೇಳುವುದಿಲ್ಲ. ಫಾರ್ವರ್ಡ್‌ಗಳಲ್ಲಿ 'ವೈಜ್ಞಾನಿಕ ಪರೀಕ್ಷೆಯಿಂದ ದೃಢಪಟ್ಟಿದೆ' ಎಂಬ ಸಾಲು ಬಂದಾಗ, ಏನು ದೃಢಪಟ್ಟಿತು ಎಂದು ಕೇಳಿ. ಮರದ ವಯಸ್ಸೋ, ಮಾಡಿದವರ ಹೆಸರೋ?

ಹೆಸರು ಬರುವುದು ಹೋಲಿಕೆಯಿಂದ. ಹೆಸರು ಖಚಿತವಿರುವ ಹತ್ತಾರು ಗಿಟಾರ್‌ಗಳ ಒಳಗನ್ನು ನೋಡಿದವರು ಮಾತ್ರ 'ಈ ಪಟ್ಟಿಯ ತುದಿ ಬುಸಾಟೊ ಕೆಲಸದಂತಿದೆ' ಎನ್ನಬಲ್ಲರು. ಪ್ಯಾರಿಸ್‌ನ ಗಿಟಾರ್ ತಯಾರಕ ಫ್ರಾನ್ಸ್ವಾ ಶಾರ್ಲ್ ಸೆಲ್ಮರ್ ಗಿಟಾರ್‌ಗಳ ಬಗ್ಗೆ ಬರೆದ ಪುಸ್ತಕ ಅಂಥ ಹೋಲಿಕೆಗೆ ದೊಡ್ಡ ಆಸರೆಯಾಗಿದೆ. ಚಿಕ್ಕ ಕೆಲಸಮನೆಗಳ ಮಾಹಿತಿ ಅಷ್ಟಿಲ್ಲ. ಹಾಗಾಗಿಯೇ ಚೆನ್ನಾಗಿರುವ ಹೆಸರಿಲ್ಲದ ಗಿಟಾರ್ ಸಿಕ್ಕ ಕೂಡಲೇ 'ಸೆಲ್ಮರ್ ಇರಬೇಕು' ಎನ್ನುವ ಆಸೆ. ಮಾಡಿದ ಬಡಗಿಗೆ ಆಗಲೂ ಹೆಸರು ಸಿಗಲಿಲ್ಲ, ಈಗ ಅವನ ಕೆಲಸವೂ ಬೇರೆಯವರ ಖಾತೆಗೆ ಹೋಗುತ್ತದೆ. ಕೊಂಡವರ ದುಡ್ಡು ಹೋಗುವುದು ಬೇರೆ ಮಾತು. 1970ರ ದಶಕದಿಂದ ಜಪಾನಿನಲ್ಲಿ, ಆಮೇಲೆ ಚೀನಾದಲ್ಲಿ ಇದೇ ಆಕಾರದ ಗಿಟಾರ್‌ಗಳು ಪ್ರಾಮಾಣಿಕವಾಗಿ ಅವುಗಳದ್ದೇ ಹೆಸರಲ್ಲಿ ಬಂದಿವೆ. ಆ ಚೀಟಿ ಕಿತ್ತರೆ ಅವೂ 'ಹೆಸರಿಲ್ಲದ ಹಳೆಯ ಗಿಟಾರ್' ಆಗಿಬಿಡುತ್ತವೆ.

'ಇದು ಜಾಂಗೋ ನುಡಿಸಿದ್ದೇ' ಎಂಬ ಮಾತಂತೂ ಇನ್ನೂ ಕಷ್ಟದ್ದು. 1940ರ, 503ನೇ ಸಂಖ್ಯೆಯ ಅವರ ಸೆಲ್ಮರ್ ಪ್ಯಾರಿಸ್‌ನ ಸಂಗೀತ ಮ್ಯೂಸಿಯಂನಲ್ಲಿದೆ. 1964ರಲ್ಲಿ ಅವರ ಪತ್ನಿ ಕೊಟ್ಟದ್ದು. ಬೇರೆ ಗಿಟಾರ್‌ಗಳನ್ನೂ ಅವರು ನುಡಿಸಿದ್ದರು, ನಿಜ. ಆದರೆ ಅದನ್ನು ತೋರಿಸಲು ಆ ಕಾಲದ ಸ್ಪಷ್ಟ ಫೋಟೋ ಬೇಕು, ಮೇಲ್ಹಲಗೆಯ ಗೆರೆ, ಗಂಟು, ಬಿರುಕು ಒಂದೊಂದಾಗಿ ಹೊಂದಬೇಕು. ಮರದ ಗೆರೆಗಳು ಬೆರಳಚ್ಚಿನಂತೆ, ಎರಡು ಹಲಗೆಯಲ್ಲಿ ಒಂದೇ ತೆರನಾಗಿರುವುದಿಲ್ಲ. ಮನೆಯವರು ಹೇಳಿಕೊಂಡು ಬಂದ ಕಥೆಯಷ್ಟೇ ಇದ್ದರೆ ಅದು ಕಥೆ.

ಮರದ ಜಾತಿ ಗುರುತಿಸುವುದು ಬೇರೆ ಕಾರಣಕ್ಕೂ ಮುಖ್ಯ. ಬ್ರೆಜಿಲ್‌ನ ಬೀಟೆ 1992ರಿಂದ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ. ಅದರಿಂದ ಮಾಡಿದ ಗಿಟಾರ್‌ ಅನ್ನು ಕಾಗದವಿಲ್ಲದೆ ಗಡಿ ದಾಟಿಸಿದರೆ ಜಪ್ತಿಯಾಗಬಹುದು. ನಮ್ಮ ಬೀಟೆಯ ಮೇಲೂ 2017ರಲ್ಲಿ ಆ ಒಪ್ಪಂದದ ನಿಯಂತ್ರಣ ಬಂತು. ಆದರೆ 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಮಾರುವವರು ಬೆಲೆ ಏರಿಸಲು ಭಾರತದ ಬೀಟೆಯನ್ನೇ ಬ್ರೆಜಿಲ್‌ನದ್ದು ಎಂದು ಹೊಗಳಿದರೆ, ಕೊಂಡವರಿಗೆ ಹೆಚ್ಚು ದುಡ್ಡಿನ ಜತೆಗೆ ಕಸ್ಟಮ್ಸ್ ತಲೆನೋವೂ ಉಚಿತ.

ಇಂಥ ಹಳೆಯ ವಾದ್ಯ ನಿಮ್ಮ ಕೈಗೇ ಬಂದರೆ ಒರೆಸಬೇಡಿ, ಪಾಲಿಶ್ ಮಾಡಿಸಬೇಡಿ, ತುಕ್ಕು ಹಿಡಿದ ಬಿರಡೆಯನ್ನು ಬಿಸಾಡಬೇಡಿ. ಬಿಗಿಯಾಗಿ ಕಟ್ಟಿದ ಹೊಸ ತಂತಿ ಹಾಕಿ ನುಡಿಸಿಯೂ ನೋಡಬೇಡಿ, ಹಳೆಯ ಅಂಟು ಬಿಟ್ಟುಕೊಳ್ಳಬಹುದು. ಹಗಲು ಬೆಳಕಿನಲ್ಲಿ ಮುಂದೆ, ಹಿಂದೆ, ಪಕ್ಕ, ತಲೆಯ ಎರಡೂ ಬದಿ, ತಂತಿ ಕಟ್ಟುವ ಪಟ್ಟಿ, ಆಮೇಲೆ ರಂಧ್ರದಿಂದ ಒಳಗಿನ ಫೋಟೋ ತೆಗೆಯಿರಿ. ಚೀಟಿ ಇದ್ದ ಜಾಗದಲ್ಲಿ ಮರದ ಬಣ್ಣ ತುಸು ಬೇರೆಯಾಗಿದ್ದರೆ ಅದನ್ನೂ ತೆಗೆಯಿರಿ, ಆ ಚೌಕದ ಅಳತೆಯಿಂದಲೂ ಯಾರ ಚೀಟಿ ಎಂದು ಊಹಿಸಿದವರಿದ್ದಾರೆ. ಫೋಟೋಗಳನ್ನು ಕೊಳ್ಳಲು ಆಸೆಪಡುವ ವ್ಯಾಪಾರಿಗೆ ಮೊದಲು ತೋರಿಸುವ ಬದಲು, ಕೊಳ್ಳುವ-ಮಾರುವ ಹಂಗಿಲ್ಲದ ರಿಪೇರಿ ಕುಶಲಕರ್ಮಿಗೆ ತೋರಿಸಿ. ಬರುವ ಉತ್ತರ ಬಹುಶಃ ಹೀಗಿರುತ್ತದೆ: 'ಪ್ಯಾರಿಸ್‌ನ ಕೆಲಸ, 1940ರ ದಶಕದ ಕೊನೆ ಇರಬಹುದು, ಬುಸಾಟೊ ಸುತ್ತಲಿನವರ ಕೈ, ಬಿರಡೆ ಆಮೇಲಿನದ್ದು, ಸೆಲ್ಮರ್ ಅಲ್ಲ.' ತಿಳಿದವರು ಇಷ್ಟೇ ಹೇಳಿ ನಿಲ್ಲಿಸಿದರೆ, ಅವರ ಮಾತಿಗೆ ಶುಲ್ಕ ಕೊಡಲು ಹಿಂಜರಿಯಬೇಡಿ.